ಉಳಿದ ಒಂದು ಆಮ್ಲಜನಕ

ತೊಣ್ಣೂರು ಕೆರೆ ಏರಿಯ ಮಣ್ಣಿನಲ್ಲಿ ನಾನು ಕಡ್ಡಿಯಿಂದ ಬರೆದಿದ್ದ ಸಮೀಕರಣವನ್ನು, ಎತ್ತು ತೊಳೆಯಲು ಬಂದಿದ್ದ ಗಾಡಿ ಚಿಕ್ಕಣ್ಣಜ್ಜ ಬಗ್ಗಿ ನೋಡಿದರು. ತೊಂಬತ್ತರ ದಶಕದ ಒಂದು ಸಂಜೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಫೇಲಾಗಿದ್ದೆ. ಮರುದಿನ ಮತ್ತೆ ಪರೀಕ್ಷೆ. ಈ ಸಲವೂ ಹೋದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

“ಜಲಜನಕ ಜೋಡಿಯಾಗೇ ಬತ್ತದೆ, ಆಮ್ಲಜನಕನೂ ಜೋಡಿನೇ. ನೀರಿಗೆ ಬೇಕಾಗಿರೋದು ಎರಡು ಜಲಜನಕ, ಒಂದೇ ಆಮ್ಲಜನಕ. ಇನ್ನೊಂದು ಉಳ್ಕತದೆ ಅಜ್ಜ. ಅದನ್ನೂ ಅದೇ ನೀರಿಗೆ ಸೇರಿಸ್ದೆ, ಮೇಷ್ಟ್ರು ತಪ್ಪು ಅಂದ್ರು” ಎಂದೆ.

ಅಜ್ಜ ಎತ್ತಿನ ಬೆನ್ನು ಉಜ್ಜುತ್ತಲೇ ಯೋಚಿಸಿದರು. “ಜೋಡಿ ಎತ್ತಿಗೆ ಒಂದ್ ಗಾಡಿ, ಗಾಡಿಗೆ ಒಬ್ಬ ಆಳು. ಅಣ್ತಮ್ಮ ಇಬ್ರು ಬಂದವ್ರೆ ಅಂತ ಇಬ್ರುನ್ನೂ ಒಂದೇ ಗಾಡಿಗೆ ತುರುಕ್ತೀಯೇನವ್ವ? ಇನ್ನೊಂದ್ ಜೋಡಿ ಎತ್ತು ತಂದು ಇನ್ನೊಂದ್ ಗಾಡಿ ಹೂಡು.”

ಎರಡು ಜೋಡಿ ಜಲಜನಕ, ಒಂದು ಜೋಡಿ ಆಮ್ಲಜನಕ, ಎರಡು ನೀರು. ಮಣ್ಣಿನ ಮೇಲೆ ಎರಡೂ ಕಡೆ ಸರಿದೂಗಿತು.

ಪರೀಕ್ಷೆಯಲ್ಲಿ ಬಂದದ್ದು ಬೇರೆ ಸಮೀಕರಣ. ಅಲ್ಲೂ ಗಾಡಿಗಳನ್ನೇ ಎಣಿಸಿ ಬರೆದೆ, ಪಾಸಾದೆ. ಈಗಲೂ ಆ ಕೆರೆಯ ಮುಂದೆ ನಿಂತರೆ, ಲೆಕ್ಕಕ್ಕೆ ಸಿಗದಷ್ಟು ಸಣ್ಣ ಗಾಡಿಗಳು, ಒಂದೊಂದರಲ್ಲೂ ಒಬ್ಬೊಬ್ಬ ಆಳು, ಸದ್ದಿಲ್ಲದೆ ನೀರಾಗಿ ಸಾಗುತ್ತಿರುವಂತೆ ಕಾಣುತ್ತದೆ.