ಬೀಗರ ಮನೆಯ ಜೀವಂತ ಕಲ್ಲು

ಹುಮನಾಬಾದಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದು ರಾತ್ರಿಯ ಬಸ್ಸಿನಷ್ಟು ದೂರ. ನಮ್ಮ ಬೀಗರು ಆ ದೂರವನ್ನು ಬಹುಕಾಲ ಸಹಿಸಿದರು. ಮಾಣಿಕನಗರದ ದಾರಿಯಲ್ಲಿ ಅವರದು ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಎದುರಿನ ಕಿರಾಣಿ ಅಂಗಡಿಯವನು ಮನೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಬಂಗಾರದ ಬಣ್ಣದ ಮೀನು ಬಿಟ್ಟದ್ದೇ ತಡ, ಬೀಗರ ಸಹನೆ ಮುಗಿಯಿತು. ಕಿರಾಣಿಯವನದು ಸಿಹಿನೀರು. ಸಿಹಿನೀರು ಯಾರಿಗೆ ಬೇಕಾದರೂ ಸಿಗುತ್ತದೆ. ಬೀಗರು ಸಮುದ್ರವನ್ನೇ ತರಿಸಲು ನಿಶ್ಚಯಿಸಿದರು.

ನನ್ನ ಮಗಳನ್ನು ಆ ಮನೆಗೆ ಕೊಟ್ಟಿದ್ದೇವೆ. ಬೀಗತನದ ಶಾಸ್ತ್ರ ಗೊತ್ತಿದ್ದವರಿಗೆ ನನ್ನ ಸ್ಥಿತಿ ವಿವರಿಸಬೇಕಿಲ್ಲ. ಬೀಗರ ಮನೆಯ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಇನ್ನೊಂದು ಸಟ್ಟುಗ ಹಾಕಿಸಿಕೊಳ್ಳಬೇಕು. ಬೀಗರು ಹಾಡಿದರೆ ತಲೆದೂಗಬೇಕು. ಬೀಗರು ಸಮುದ್ರ ತಂದರೆ ಬಸವಕಲ್ಯಾಣದಿಂದ ಬಸ್ಸು ಹಿಡಿದು ಬಂದು ಅಲೆಗಳನ್ನು ಮೆಚ್ಚಬೇಕು.

ಅಲೆಗಳಿಗಿಂತ ಮೊದಲು ಬಂದದ್ದು ಕಲ್ಲು. ಹೈದರಾಬಾದಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಹಸಿ ಪತ್ರಿಕೆಗಳಲ್ಲಿ ಸುತ್ತಿಕೊಂಡು, ಬಾಣಂತಿಯ ಹಾಗೆ ಬೆಚ್ಚಗೆ ಬಂತು. ಅದಕ್ಕೆ ಜೀವಂತ ಕಲ್ಲು ಎನ್ನುತ್ತಾರಂತೆ. ಸಮುದ್ರದ ತಳದ ಆ ಕಲ್ಲಿನ ತೂತು ತೂತುಗಳಲ್ಲಿ ಹುಳ, ಪಾಚಿ, ಹೆಸರಿಲ್ಲದ ಸಣ್ಣ ಜೀವಿಗಳು ಸಂಸಾರ ಹೂಡಿರುತ್ತವೆ. ಮೀನಿಗಿಂತ ಮೊದಲು ಅದನ್ನು ಇಳಿಸಿದರೆ ನೀರನ್ನು ಅದೇ ಶುದ್ಧ ಮಾಡುತ್ತದೆ. ಆದರೆ ದಾರಿಯಲ್ಲಿ ಒಂದಷ್ಟು ಜೀವಿಗಳು ಸಾಯುವುದುಂಟು. ಅದಕ್ಕೇ ಮೊದಲು ಹಿತ್ತಲಲ್ಲಿ ಒಂದು ಟಬ್ಬಿನ ಉಪ್ಪುನೀರಿನಲ್ಲಿಟ್ಟು, ಸತ್ತದ್ದನ್ನು ಉಜ್ಜಿ ತೆಗೆದು, ವಾಸನೆ ಪೂರ್ತಿ ಹೋದ ಮೇಲೆ ಗಾಜಿನ ಪೆಟ್ಟಿಗೆಗೆ ಹಾಕಿರೆಂದು ಹೈದರಾಬಾದಿನ ಅಂಗಡಿಯವನು ಫೋನಿನಲ್ಲಿ ತಿಳಿಸಿದ್ದ.

ಬೀಗರಿಗೆ ಇದು ಮರ್ಯಾದೆಯ ಮಾತಾಗಿ ಕಾಣಲಿಲ್ಲ.

"ನೀವೇ ಹೇಳ್ರಿ ಬೀಗರೆ, ಮನಿಗಿ ಬಂದ ಜೀವನ್ನ ಬಚ್ಚಲದ ಬಾಜೂಕ ಕುಂಡರಸೋದೇನ್ರಿ? ನೀವು ಬಂದ್ರ ನಿಮ್ಮನ್ನ ಹಂಗ ಕುಂಡರಸ್ತೇನ್ರಿ?"

ನನ್ನನ್ನೂ ಕಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಮೇಲೆ ನಾನು ಹೇಳುವುದೇನು ಉಳಿಯಿತು? ಶಾಸ್ತ್ರಪ್ರಕಾರ ತಲೆಯಾಡಿಸಿದೆ. ಗುರುವಾರ ಒಳ್ಳೆಯ ಗಳಿಗೆ ಇತ್ತು. ಬೀಗತಿ ಗಾಜಿಗೆ ಅರಿಶಿನ ಕುಂಕುಮ ಹಚ್ಚಿದರು, ಕಾಯಿ ಒಡೆಯಿತು. ಓಣಿಯವರು ನೋಡುತ್ತಿದ್ದಂತೆ, ಬೀಗರು ತೋಳು ಮಡಚಿ, ಕಲ್ಲನ್ನು ನಡುಮನೆಯ ಗಾಜಿನ ಪೆಟ್ಟಿಗೆಯ ಉಪ್ಪುನೀರಿನೊಳಗೆ ನೇರವಾಗಿ ಪ್ರತಿಷ್ಠಾಪಿಸಿದರು. ಎಲ್ಲರಿಗೂ ಪೇಢೆ ಸಿಕ್ಕಿತು.

ಮುಂದಿನ ವಾರ ನನ್ನ ಹೆಂಡತಿಗೆ ಮಗಳ ಫೋನು ಬಂತು. ಅಳು ತಡೆದುಕೊಂಡು ಮಾತಾಡುತ್ತಿದ್ದಳು.

"ಅವ್ವಾ, ನಾ ಮನ್ಯಾಗ ಮೀನ ಕುದಸ್ತೀನಿ ಅಂತ ಓಣಿ ತುಂಬ ಸುದ್ದಿ ಆಗ್ಯದ."

ಆ ಮನೆಯ ಹೊಸ್ತಿಲನ್ನು ತತ್ತಿ ಕೂಡ ದಾಟಿದ್ದಿಲ್ಲ. ಈಗ ಬೆಳಗಿನಿಂದ ಸಂಜೆವರೆಗೆ ಮೀನಿನ ವಾಸನೆ, ಅದೂ ಕೆಟ್ಟ ಮೀನಿನದು. ಪಕ್ಕದ ಮನೆಯಾಕೆ ನಳದ ಹತ್ತಿರ ತೀರ್ಪು ಕೊಟ್ಟುಬಿಟ್ಟಿದ್ದಳು: ಸೊಸೆ ಹೈದರಾಬಾದಿನಲ್ಲಿ ಕಾಲೇಜು ಓದಿದವಳು, ಅಲ್ಲಿ ಏನೇನು ರೂಢಿ ಮಾಡಿಕೊಂಡಿದ್ದಾಳೋ. ಅತ್ತೆ ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ ಅಡುಗೆಮನೆಗೆ ಬಂದು ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದರು. ಅದು ಅಂದದ್ದಕ್ಕಿಂತ ಹೆಚ್ಚು.

"ನೀವು ಹೋಗಿ ಹೇಳಿ ಬರ್ರಿ" ಎಂದಳು ನನ್ನ ಹೆಂಡತಿ.

"ಬೀಗರಿಗಿ ನಿಮ್ಮ ಮನಿ ನಾರ್ತದ ಅಂತ ಹ್ಯಾಂಗ ಹೇಳ್ಲಿ?"

"ಮನಿ ಅನಬ್ಯಾಡ್ರಿ. ಸಮುದ್ರ ನಾರ್ತದ ಅನ್ರಿ."

ಹೋದೆ. ನಡುಮನೆಯಲ್ಲಿ ಊದಿನಕಡ್ಡಿ, ಲೋಬಾನ, ಕರ್ಪೂರ ಮೂರೂ ಏಕಕಾಲಕ್ಕೆ ಉರಿಯುತ್ತಿದ್ದವು. ಮೂರನ್ನೂ ದಾಟಿ ಸಮುದ್ರ ಬಂದು ಮೂಗಿಗೆ ಬಡಿಯಿತು. ಪೆಟ್ಟಿಗೆಯ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಅದರ ನಡುವೆ ಕಲ್ಲು, ಮೈಮೇಲೆ ಬೂದಿಬಣ್ಣದ ಲೋಳೆ ಹೊದ್ದು ಕುಳಿತಿತ್ತು. ಎದುರಿಗೆ ಬೀಗರು, ಇಸ್ತ್ರಿಯ ಅಂಗಿ ತೊಟ್ಟು, ಏನೂ ಆಗಿಲ್ಲವೆಂಬ ಮುಖದಲ್ಲಿ ಕುಳಿತಿದ್ದರು. ನನ್ನ ಅಳಿಯ ಅಂಗಡಿಯಲ್ಲಿದ್ದ. ಅಂಗಡಿ ಅವನಿಗೆ ಅಷ್ಟೊಂದು ಪ್ರಿಯವಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಚಹಾ ಬಂತು. ಬಾಯಿಂದ ಉಸಿರಾಡುತ್ತ ಚಹಾ ಕುಡಿಯುವುದು ಸುಲಭದ ವಿದ್ಯೆಯಲ್ಲ.

"ಜರಾ ಏನರೆ ವಾಸನಿ ಬರಾಕತ್ತದೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ವಾಸನಿ? ನನಗಂತೂ ಇಲ್ರಿ" ಎಂದರು ಬೀಗರು. "ಗಟಾರದ್ದಿರಬೇಕು."

"ಗಟಾರ ನಿನ್ನೆನೇ ತೊಳಸೇನಿ" ಎಂದು ಬೀಗತಿಯ ದನಿ ಒಳಗಿನಿಂದ ಬಂತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ನೆಲ ನೋಡಿದಳು. ಅದನ್ನು ಕಂಡ ಮೇಲೆ ಶಾಸ್ತ್ರ ಕಟ್ಟಿಕೊಂಡು ನನಗೇನಾಗಬೇಕಿತ್ತು?

"ಬೀಗರೆ, ಕಲ್ಲು ಸತ್ತದ."

"ಕಲ್ಲು ಹ್ಯಾಂಗ ಸಾಯ್ತದ್ರಿ?"

"ಅದಕ್ಕ ಜೀವ ಅದ ಅಂತ ಪೇಢೆ ಹಂಚಿದವರು ನೀವೇ. ಜೀವ ಇದ್ದದ್ದು ಸಾಯಾಕೂ ಬೇಕಲ್ರಿ."

ಬೀಗರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಖರೆ ಅದರಿ. ಮೂರ್ನೇ ದಿನಕ್ಕೇ ನನಗ ಗೊತ್ತಾತು. ಆದ್ರ ಸಮುದ್ರ ತಂದೀನಿ ಅಂತ ಇಡೀ ಬಜಾರಕ್ಕ ಹೇಳೇನಿ. ಹೊರಗ ತೆಗದು ಹಿತ್ತಲದಾಗ ಇಟ್ರ ಎದುರಿನ ಕಿರಾಣಿಯಂವ ನಗಲ್ಲೇನ್ರಿ? ಇಜ್ಜತ್ತಿನ ಸವಾಲು."

ಅಂದರೆ ಬೀಗರ ಮೂಗಿಗೆ ಯಾವ ಜಡ್ಡೂ ಇರಲಿಲ್ಲ. ಕಿರಾಣಿಯವನ ನಗೆಗಿಂತ ಸೊಸೆಯ ಮೇಲಿನ ಅಪವಾದ ಅಗ್ಗವೆಂದು ನಮ್ಮ ಈ ಬಟ್ಟೆ ವ್ಯಾಪಾರಿಗಳು ಮನಸ್ಸಿನಲ್ಲೇ ಅಳೆದು ಹರಿದಿದ್ದರು. ದನಿ ತಗ್ಗಿಸಿದ್ದು ಮಾತ್ರ ಸಾಲದಾಯಿತು. ಬೀಗತಿ ಹೊರಗೆ ಬಂದು ನಿಂತಿದ್ದರು.

"ನಿಮಗ ಗೊತ್ತಿತ್ತು" ಎಂದರು. "ಗೊತ್ತಿದ್ದೂ ನನ್ನ ಕೈಲೆ ಈ ಹುಡುಗಿ ಗಡಗಿ ಮುಚ್ಚಳ ತೆಗಸಿದ್ರಿ."

ಬೀಗರು ಸಮುದ್ರದ ಕುರಿತು ಏನೋ ಹೇಳಹೋದರು. ಬೀಗತಿ ಕೇಳಲು ನಿಲ್ಲಲಿಲ್ಲ. ಬಾಗಿಲಿಗೆ ಹೋಗಿ, ಪಕ್ಕದ ಮನೆಯಾಕೆಯನ್ನು ಮದುವೆಗೆ ಕರೆಯುವ ದನಿಯಲ್ಲಿ ಕರೆದರು.

"ಬರ್ರಿ ಅಕ್ಕೋರ, ನಮ್ಮ ಸಮುದ್ರ ನೋಡಾಕ ಬರ್ರಿ. ಸಂಗಾಟ ಯಾರದಾರ ಅವರನ್ನೂ ಕರಕೊಂಡ ಬರ್ರಿ."

ಮೂವರು ಬಂದರು. ಬೀಗತಿ ಗಂಡನ ಕಡೆ ತಿರುಗಿ, "ಕಲ್ಲು ಮ್ಯಾಲ ತಗೀರಿ" ಎಂದರು. ಬೀಗರು ನನ್ನ ಮುಖ ನೋಡಿದರು. ಬೀಗತನದ ಶಾಸ್ತ್ರದಲ್ಲಿ ಇದಕ್ಕೆ ಪರಿಹಾರವಿಲ್ಲವೆಂದು ನಾನು ಚಹಾದ ಕಪ್ಪು ನೋಡಿದೆ. ಕಲ್ಲು ನೀರಿನಿಂದ ಹೊರಗೆ ಬಂದದ್ದೇ, ಅದುವರೆಗಿನ ವಾಸನೆ ಬರೀ ಪೀಠಿಕೆಯೆಂದು ಎಲ್ಲರಿಗೂ ತಿಳಿಯಿತು. ಪಕ್ಕದ ಮನೆಯಾಕೆ ಸೆರಗು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಬೀಗತಿ ಅವಳ ಮುಂಗೈ ಹಿಡಿದರು.

"ಚಂದಂಗ ಮೂಸ್ರಿ. ಇದೇ ವಾಸನಿ ಹೌದಲ್ರಿ?"

"ಹೌದ್ರಿ, ಇದೇ."

"ಒಲಿ ಮ್ಯಾಲಿಂದಲ್ಲಲ್ಲ?"

"ಅಲ್ರಿ, ಬಿಡ್ರಿ ಕೈ."

"ಬಿಡ್ತೀನಿ. ಸಂಜಿಮುಂದ ನಳದ ಹಂತ್ಯಾಕ ಇಷ್ಟೇ ಸಾಫಾಗಿ ಹೇಳ್ರಿ."

ಉಳಿದಿಬ್ಬರಿಗೂ ದರ್ಶನವಾಯಿತು. ಬೀಗರು ಆರತಿ ತಟ್ಟೆ ಹಿಡಿದವರಂತೆ ಒಬ್ಬೊಬ್ಬರ ಮುಂದೆ ಕಲ್ಲು ಹಿಡಿದು ನಿಂತರು. ಲೋಳೆನೀರು ಮೊಣಕೈಗೆ ಇಳಿದು ಇಸ್ತ್ರಿಯ ಅಂಗಿಯೊಳಗೆ ಸೇರುತ್ತಿತ್ತು. ಮಗಳು ಅಡುಗೆಮನೆಯೊಳಗೆ ಸರಿದಳು. ಅಲ್ಲಿಂದ ಒಂದು ಪಾತ್ರೆ ಬಿದ್ದ ಸದ್ದು, ಅದರ ಹಿಂದೆ ನಗು ನುಂಗಲು ಹೋಗಿ ಸೋತ ಸದ್ದು ಕೇಳಿಸಿತು.

ಬೀಗರು ಕಲ್ಲನ್ನು ಇಳಿಸಲು ಬಾಗಿದರು.

"ಕೆಳಗ ಇಡಬ್ಯಾಡ್ರಿ" ಎಂದರು ಬೀಗತಿ, ಬಾಗಿಲಾಚೆ ನೋಡುತ್ತ. "ಕಿರಾಣಿಯವನ ಹೇಣ್ತಿನೂ ಬರಾಕತ್ತಾಳ."