ಕಿರಂಗೂರು ಆಲೆಮನೆಯ ಇನ್ವರ್ಟರು

ಕಿರಂಗೂರಿನಲ್ಲಿ ಬೆಲ್ಲದ ಆಲೆಮನೆ ನಡೆಸುವ ಅಣ್ಣಮ್ಮನ ಫೋನು ಬಂದರೆ ಶಿವಶಂಕರ್ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಳ್ಳುತ್ತಿದ್ದರು. ಆಲೆಮನೆಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಆಕೆಯ ದನಿಯೇ ಹಾಗಾಗಿತ್ತು. ಅವತ್ತು ಮಾತ್ರ ಅವರು ಫೋನನ್ನು ಸೀದಾ ಪ್ರಜ್ಞಳ ಮೇಜಿನ ಮೇಲಿಟ್ಟು, "ನೀವೇ ಕೇಳಿಸ್ಕೊಳ್ಳಿ" ಎಂದರು.

"ಏನವ್ವಾ, ಸೂರ್ಯನ್ ಕರೆಂಟು ಅಂತ ಚಾವಣಿ ತುಂಬ ಆಕ್ಬುಟ್ಟು ಓದ್ರಿ. ಗಾಣದ ಮೋಟ್ರು ಸುರು ಮಾಡಿದ್ರೆ ಸಾಕು, ನಿಮ್ ಡಬ್ಬ ಆಫಾಯ್ತದೆ. ಕಬ್ಬು ಸಿಕ್ಕಾಕ್ಕಂಡಾಗೆಲ್ಲ ಮೋಟ್ರು ನಿಲ್ಸಿ ಸುರು ಮಾಡ್ತಿರ್ಬೇಕು. ಆಗೆಲ್ಲ ಇಂಗೇ ಆದ್ರೆ ಏನ್ ಮಾಡದು?"

"ನಾಳೆ ಬರ್ತೀನಿ, ಅಣ್ಣಮ್ಮನೋರೆ."

"ಬರೀ ನೋಡ್ಕಂಡು ಓಗದಾದ್ರೆ ಬ್ಯಾಡ. ಸರಿ ಮಾಡದಾದ್ರೆ ಬಾ."

ಪ್ರಜ್ಞ ಶ್ರೀರಂಗಪಟ್ಟಣದ ಕೋಟೆಯೊಳಗೆ ಹುಟ್ಟಿ ಬೆಳೆದವಳು. ತಂದೆ ಅನಂತರಾಮು ದೇವಸ್ಥಾನದ ಸೇವೆಯಲ್ಲಿದ್ದವರು. ಎಂಜಿನಿಯರಿಂಗ್ ಮುಗಿಸಿ ಅವಳು ಕೆಲವು ವರ್ಷ ಪಾಂಡವಪುರದ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡಿದಳು. ಬೋರ್ಡಿನ ಮೇಲೆ ಬಿಡಿಸಿದ ಸರ್ಕ್ಯೂಟುಗಳೆಲ್ಲ ಸರಿಯಾಗಿಯೇ ಕೆಲಸ ಮಾಡುತ್ತವಲ್ಲ ಎಂದು ಬೇಸರ ಬಂದು ಆ ಕೆಲಸ ಬಿಟ್ಟಳು. ಬಾಬುರಾಯನಕೊಪ್ಪಲಿನಲ್ಲಿ ಶಿವಶಂಕರ್ ನಡೆಸುತ್ತಿದ್ದ ಪುಟ್ಟ ಇನ್ವರ್ಟರ್ ಕಾರ್ಖಾನೆಗೆ ಸೇರಿದಳು. ಅಲ್ಲಿ ಅವಳೇ ಕೂತು ವಿನ್ಯಾಸ ಮಾಡಿದ್ದು ಫೇಸ್ ಲಾಕ್ಡ್ ಲೂಪಿನ ಬೋರ್ಡನ್ನು. ಕಂಬದಿಂದ ಬರುವ ಕರೆಂಟಿನ ಅಲೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಬಿಡದೆ ನೋಡುತ್ತ, ಸೋಲಾರಿನ ಅಲೆಯನ್ನು ಅದರ ಜೊತೆಜೊತೆಗೇ ನಡೆಸುವುದು ಆ ಬೋರ್ಡಿನ ಕೆಲಸ. ಜೊತೆ ತಪ್ಪಿತೋ, ಇನ್ವರ್ಟರು ತನ್ನನ್ನು ತಾನು ಆಫ್ ಮಾಡಿಕೊಳ್ಳುತ್ತದೆ.

ಮರುದಿನ ಆಲೆಮನೆಯಲ್ಲಿ ಅವಳು ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಜೋಡಿಸಿ ನೋಡಿದಾಗ ಕಾಯಿಲೆ ಕಣ್ಣಿಗೇ ಕಂಡಿತು. ಗಾಣದ ಮೋಟಾರು ಎದ್ದ ಕ್ಷಣ ಲೈನಿನ ಅಲೆ ಕುಗ್ಗಿ, ಪಕ್ಕಕ್ಕೆ ಜಾರಿಬಿಡುತ್ತಿತ್ತು. ಅವಳ ಲೂಪು ಅದನ್ನು ಹಿಂಬಾಲಿಸುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಅವಳು ಕಾರ್ಖಾನೆಗೆ ವಾಪಸ್ಸಾಗುವ ಹೊತ್ತಿಗೆ ಶಿವಶಂಕರ್ ಆಗಲೇ ಒಂದು ತೀರ್ಮಾನಕ್ಕೆ ಬಂದಂತಿದ್ದರು. "ಈ ಬೋರ್ಡು ಬಿಟ್ಬಿಡೋಣ ಮೇಡಂ. ಹೊರಗಿಂದ ರೆಡಿ ಬೋರ್ಡು ತರಿಸಿ ಕೂರಿಸೋಣ."

"ಈ ಹಂಗಾಮು ಮುಗಿಯೋ ತನಕ ಟೈಮ್ ಕೊಡಿ ಸಾರ್. ಆಗ್ಲಿಲ್ಲ ಅಂದ್ರೆ ನಾನೇ ಬಿಚ್ಚಿ ಕೊಡ್ತೀನಿ."

ಕೊಟ್ಟರು, ಒಲ್ಲದ ಮನಸ್ಸಿನಿಂದ.

ಅವಳು ಮತ್ತೆ ಆಲೆಮನೆಗೆ ಹೋಗಿ ಮೊದಲು ಲೂಪಿನ ವೇಗ ಹೆಚ್ಚಿಸಿದಳು. ಈಗ ಮೋಟಾರು ಎದ್ದರೂ ಇನ್ವರ್ಟರು ಜಗ್ಗಲಿಲ್ಲ. ಪ್ರಜ್ಞಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಖುಷಿ ಸಂಜೆಯವರೆಗೂ ಉಳಿಯಲಿಲ್ಲ.

"ಇದೇನವ್ವಾ, ಗುಂಯ್ ಅಂತ ಅರಚ್ಕತಾ ಕುಂತದೆ? ಮುಟ್ಟಿದ್ರೆ ಕೈ ಸುಡ್ತದೆ!" ಎಂದು ಅಣ್ಣಮ್ಮ ಮತ್ತೆ ಕರೆದಳು.

ಓಡುವ ಲೂಪು ಲೈನಿನ ಮೇಲಿನ ಕಸವನ್ನೂ ಹಿಂಬಾಲಿಸತೊಡಗಿತ್ತು. ಸುತ್ತಲಿನ ಪಂಪುಸೆಟ್ಟುಗಳು, ವೆಲ್ಡಿಂಗ್ ಅಂಗಡಿ, ಯಾರದೋ ಮನೆಯ ಅಗ್ಗದ ಚಾರ್ಜರು, ಎಲ್ಲದರ ಸಣ್ಣ ಸಣ್ಣ ಕುಲುಕಾಟಕ್ಕೂ ಅದು ಕುಲುಕುತ್ತಿತ್ತು. ಸ್ಕೋಪಿನ ಪರದೆಯ ಮೇಲೆ ಅಲೆಯ ಅಂಚು ಒಂದೆಡೆ ನಿಲ್ಲದೆ ಅದುರುತ್ತಿತ್ತು. ಇದಕ್ಕೇ ಜಿಟರ್ ಅನ್ನುವುದು. ಬೇಗ ಹಿಂಬಾಲಿಸುವ ಲೂಪು ನಡುಗುತ್ತದೆ, ನಡುಗದ ಲೂಪು ಹಿಂದುಳಿಯುತ್ತದೆ ಎಂದು ಅವಳೇ ಎಷ್ಟು ತಂಡದ ಹುಡುಗರಿಗೆ ಬರೆಸಿದ್ದಳೋ. ಪರೀಕ್ಷೆಯಲ್ಲಿ ಅದು ಐದು ಅಂಕದ ಪ್ರಶ್ನೆ. ಇಲ್ಲಿ ಡಬ್ಬ ಸುಡುತ್ತಿತ್ತು.

ವೇಗ ತಗ್ಗಿಸಿದಳು. ಗುಂಯ್‌ಗುಡುವುದು ನಿಂತಿತು, ಆಫಾಗುವುದು ಮತ್ತೆ ಶುರುವಾಯಿತು. ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿ ನೋಡಿದಳು. ಅಲ್ಲಿ ಎರಡು ಕಾಟವೂ ಸ್ವಲ್ಪ ಸ್ವಲ್ಪ ಇದ್ದವು. ಅಣ್ಣಮ್ಮ ಬೆಲ್ಲದ ಅಚ್ಚು ತೊಳೆಯುತ್ತ, "ಆಗದಿಲ್ಲ ಅಂದ್ರೆ ಯೋಳ್ಬುಡವ್ವ, ನಾನೇನು ನಿನ್ ಕೊಂದಾಕಕಿಲ್ಲ" ಎಂದಳು. ಅದರಲ್ಲಿ ಕನಿಕರವಿತ್ತು. ಪ್ರಜ್ಞಳಿಗೆ ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

"ಆಗುತ್ತೆ," ಎಂದಳು. "ಇವತ್ತು ಇಲ್ಲೇ ಕೂತಿರ್ತೀನಿ. ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ."

ಇಡೀ ದಿನ ಕಬ್ಬಿನ ಸಿಪ್ಪೆಯ ರಾಶಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಲೈನಿನ ಅಲೆಯನ್ನು ರೆಕಾರ್ಡು ಮಾಡಿದಳು. ಹೊಗೆಗೆ ಕಣ್ಣು ಉರಿಯುತ್ತಿದ್ದವು, ಕೂದಲೆಲ್ಲ ಬೆಲ್ಲದ ವಾಸನೆ. ಮನೆಗೆ ಬಂದು ಆ ರೆಕಾರ್ಡುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ, ಇಷ್ಟು ದಿನ ತಾನು ತಪ್ಪು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ ಎನ್ನುವುದು ಗೊತ್ತಾಯಿತು. ಅಲೆ ಜಾರುತ್ತಿದ್ದದ್ದು ಮೋಟಾರು ಏಳುವ ಆ ಗಳಿಗೆಯಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ಲೈನು ಕೊಳಕಾಗಿದ್ದರೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹಾಗಿದ್ದ ಮೇಲೆ ಲೂಪಿಗೆ ಒಂದೇ ವೇಗ ಏಕಿರಬೇಕು? ಅಲೆ ಜಾರಿದ್ದು ತಿಳಿದ ಕೂಡಲೇ ಓಡಬೇಕು, ಹಿಡಿದ ಮೇಲೆ ನಿಧಾನವಾಗಬೇಕು.

ಹಾಗೇ ಮಾಡಿದಳು. ಆಲೆಮನೆಗೆ ಒಯ್ದು ಜೋಡಿಸಿದರೆ, ಮೋಟಾರು ಎದ್ದಿತು, ಇನ್ವರ್ಟರು ಹಿಡಿದುಕೊಂಡಿತು, ಇನ್ನೇನು ಗೆದ್ದೆ ಅನ್ನುವಷ್ಟರಲ್ಲಿ ಟಪ್ ಎಂದು ಆಫಾಯಿತು.

"ಇದು ಅದ್ಕಿಂತ ಕಡೆ," ಎಂದಳು ಅಣ್ಣಮ್ಮ. "ಆಸೆ ತೋರ್ಸಿ ಕೈ ಕೊಡ್ತದೆ."

ಪ್ರಜ್ಞಳಿಗೆ ನಗು ಬಂತು, ಅಳುವೂ ಬಂತು. ವೇಗವನ್ನು ಒಮ್ಮೆಲೇ ಇಳಿಸಿದ್ದೇ ತಪ್ಪಾಗಿತ್ತು. ಓಡುತ್ತಿದ್ದ ಲೂಪು ಆ ಬದಲಾವಣೆಗೇ ಮುಗ್ಗರಿಸಿ ಹಿಡಿತ ಕಳೆದುಕೊಳ್ಳುತ್ತಿತ್ತು. ಅವಳು ಬೋರ್ಡು ಬಿಚ್ಚಿಕೊಂಡು ಬಸ್ಸು ಹತ್ತಿದಳು. ಮುಂದಿನ ವಾರವೆಲ್ಲ ಕಾರ್ಖಾನೆಯ ಮೇಜಿನ ಮೇಲೆ ಒಂದು ಹಳೇ ಮೋಟಾರನ್ನು ಶುರು ಮಾಡುವುದು, ನಿಲ್ಲಿಸುವುದು, ಮತ್ತೆ ಶುರು ಮಾಡುವುದು. ವೇಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಮಾಡಿದಳು. ಮೆಟ್ಟಿಲು ದೊಡ್ಡದಾದರೆ ಮುಗ್ಗರಿಸುತ್ತಿತ್ತು, ತೀರಾ ಸಣ್ಣದಾದರೆ ನಡುಕ ಬಹಳ ಹೊತ್ತು ಉಳಿಯುತ್ತಿತ್ತು. ಶಿವಶಂಕರ್ ಒಂದೆರಡು ಸಲ ಬಾಗಿಲಲ್ಲಿ ನಿಂತು ನೋಡಿ ಹೋದರು. ಒಂದು ದಿನ ತಾವೇ ಬಂದು ಮೋಟಾರಿನ ಸ್ವಿಚ್ಚಿನ ಪಕ್ಕ ಕೂತರು. "ನೀವು ಪರದೆ ನೋಡಿ, ನಾನು ಆನ್ ಮಾಡ್ತೀನಿ."

ಹಂಗಾಮಿನ ಕೊನೆಯ ಕಬ್ಬು ಅರೆಯುವ ಹೊತ್ತಿಗೆ ಬೋರ್ಡು ಮತ್ತೆ ಕಿರಂಗೂರಿಗೆ ಹೋಯಿತು. ಈ ಸಲ ಶಿವಶಂಕರ್ ಕೂಡ ಜೊತೆಗೆ ಬಂದಿದ್ದರು. ಅಣ್ಣಮ್ಮ ಬೇಕಂತಲೇ ಗಾಣವನ್ನು ನಿಲ್ಲಿಸಿ ನಿಲ್ಲಿಸಿ ಶುರು ಮಾಡಿದಳು. ಪ್ರತಿ ಸಲವೂ ಇನ್ವರ್ಟರು ಒಂದು ಗಳಿಗೆ ಗುಂಯ್ ಎಂದು, ಸುಮ್ಮನಾಗಿ, ಕೆಲಸ ಮುಂದುವರಿಸಿತು. ಅಷ್ಟರಲ್ಲಿ ಪಕ್ಕದ ಗದ್ದೆಯ ಪಂಪುಸೆಟ್ಟೂ ಗಾಣವೂ ಒಟ್ಟಿಗೇ ಎದ್ದವು. ಇನ್ವರ್ಟರು ಆಫಾಯಿತು.

ಶಿವಶಂಕರ್ ಮುಖ ಸಣ್ಣದಾಯಿತು. ಪ್ರಜ್ಞ ಮುಚ್ಚುಮರೆ ಮಾಡಲಿಲ್ಲ. "ಎರಡೂ ಒಟ್ಟಿಗೆ ಎದ್ದರೆ ಹೀಗಾಗುತ್ತೆ, ಅಣ್ಣಮ್ಮನೋರೆ. ಇದನ್ನೂ ತಡ್ಕೊಳ್ಳೋ ಹಾಗೆ ಮಾಡಿದ್ರೆ ದಿನವಿಡೀ ನಡುಗುತ್ತೆ. ಅದಕ್ಕೆ ಬೇಕಂತಲೇ ಬಿಟ್ಟಿದೀನಿ."

"ಆವಾಗೀವಾಗ ಒಂದಪ ಆಫಾದ್ರೆ ಆಗ್ಲಿ ಬುಡು," ಎಂದಳು ಅಣ್ಣಮ್ಮ. "ದಿನಾ ಸಾಯದು ತಪ್ತಲ್ಲ."

ಹೊರಗಿನ ಬೋರ್ಡಿನ ಮಾತನ್ನು ಶಿವಶಂಕರ್ ಮತ್ತೆ ಎತ್ತಲಿಲ್ಲ. ವಾಪಸ್ಸು ಬರುವಾಗ ದಾರಿಯಲ್ಲಿ, ನಾಗಮಂಗಲದ ಹಾಲಿನ ಡೈರಿಯವರು ಕೂಲಿಂಗ್ ಮೆಷೀನಿಗೆ ಇನ್ವರ್ಟರು ಕೇಳುತ್ತಿದ್ದಾರೆ, ಅಲ್ಲಿಯ ಲೈನು ಇದಕ್ಕಿಂತ ಕೆಟ್ಟದಾಗಿದೆ ಎಂದು ಹೇಳಿದರು.

"ಮೊದಲು ಒಂದು ದಿನ ಹೋಗಿ ಕೂತು ರೆಕಾರ್ಡು ಮಾಡ್ಕೊಂಡು ಬರ್ತೀನಿ ಸಾರ್," ಎಂದಳು ಪ್ರಜ್ಞ. "ಆಮೇಲೆ ಹೇಳ್ತೀನಿ."