ಸೀಟಿ ಕೇಳದವನ ಬೂಸ್ಟ್ ಮೀಟರ್

ನಮ್ಮ ಟರ್ಬೊ ಡೀಸೆಲ್ ಗಾಡಿಯನ್ನು ನಾನು ಕಿವಿಯ ಭರವಸೆಯ ಮೇಲೆ ಓಡಿಸುತ್ತಿದ್ದೆ. ಎಕ್ಸಿಲರೇಟರ್ ತುಳಿದಾಗ ಸಣ್ಣ ಸೀಟಿ ಬಂತೆಂದರೆ ಇಂಜಿನ್ನಿಗೆ ಗಾಳಿ ಸರಿಯಾಗಿ ತುಂಬುತ್ತಿದೆ ಎಂದರ್ಥ. ವರ್ಷದಿಂದೀಚೆಗೆ ಆ ಸೀಟಿ ಕೇಳಿಸುತ್ತಿರಲಿಲ್ಲ. ಮಾತೆಲ್ಲ ಕೇಳುತ್ತಿತ್ತು, ಸಣ್ಣ ದನಿ ಮಾತ್ರ ಇಲ್ಲ. ಹೇಳಿದರೆ ಹೆಂಡತಿ ಚಾವಿ ಕಸಿದಾಳೆಂಬ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ. ಬಸವಕಲ್ಯಾಣದ ನಮ್ಮ ಕಿರಾಣಿ ಅಂಗಡಿಗೆ ರಾಜೇಶ್ವರದಿಂದ ಬೇಳೆ ತರುವುದೂ ಹುಲಸೂರಿನ ಮಗಳ ಮನೆಗೆ ಹೋಗುವುದೂ ಆ ಗಾಡಿಯಲ್ಲೇ. ಬಸ್ಸಿಗೆ ಕಾಯುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ.

ಬೇಸಿಗೆಯಲ್ಲಿ ಒಂದು ದಿನ ದಾರಿಯಲ್ಲೇ, ಇಂಜಿನ್ನಿಗೆ ಗಾಳಿ ಒಯ್ಯುವ ಟರ್ಬೊ ಪೈಪು ಸೀಳಿತು. ಪಕ್ಕದಲ್ಲಿದ್ದ ಹೆಂಡತಿ, "ಸುಯ್ ಅಂತ ಗಾಳಿ ಹೋಗಾಕತ್ತದ, ನಿಲ್ಲಸ್ರಿ," ಎಂದಳು.

"ಏನೂ ಇಲ್ಲ, ಸುಮ್ನ ಕುಂದ್ರು," ಎಂದು ಗದರಿದೆ. ಮುಂದಿನ ಏರಿನಲ್ಲಿ ಗಾಡಿ ಕಪ್ಪು ಹೊಗೆ ಉಗುಳಿ ಸೋತಿತು. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಗುಟ್ಟು ತಿಳಿದುಬಿಟ್ಟಿತೇನೋ ಎಂದು ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಪೈಪು ಬದಲಾಯಿಸಿದೆ. ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಹಾಕಿಸಿದರೆ ಕಿವಿಯ ಕೆಲಸ ಕಣ್ಣು ಮಾಡುತ್ತದೆಂದು ಹೆಂಡತಿಯೂ ನಾನೂ ಹುಮನಾಬಾದಿಗೆ ಹೋದೆವು. ಗಾಡಿ ಸಾಮಾನಿನ ಅಂಗಡಿಯವ ಮೀಟರುಗಳನ್ನು ಹರಡಿದ. ಮದುವೆ ಮಂಟಪದ ದೀಪದಂತೆ ಬಣ್ಣ ಬದಲಿಸುವಂಥದ್ದು ಬೇಡವೆಂದೆ. ಸೊನ್ನೆಗಿಂತ ಕೆಳಗೂ ಅಂಕಿ ಇದ್ದದ್ದು ಪೆಟ್ರೋಲ್ ಗಾಡಿಗೆ, ನಮಗೆ ಕೆಲಸಕ್ಕೆ ಬಾರದು. ಅವನು ಇನ್ನೊಂದನ್ನು ಬ್ಯಾಟರಿಗೆ ಹಚ್ಚಿ, "ಇದು ಛಲೋ ಅದರಿ ಅಣ್ಣಾರ. ಒತ್ತಡ ಹೆಚ್ಚು-ಕಮ್ಮಿ ಆದ್ರ ಪೀಂ ಅಂತದ," ಎಂದು ಗುಂಡಿ ಒತ್ತಿದ. "ಕೇಳಸ್ತೇನ್ರಿ?"

"ಹೌದು, ಭಾಳ ಸಾಫ್ ಕೇಳಸ್ತದ."

ಅವನು ತಲೆ ಕೆರೆದುಕೊಂಡ. "ಅದು ಇನ್ನಾ ಪೀಂ ಅಂದೇ ಇಲ್ರಿ. ವೈರ್ ಸಡ್ಲ ಆಗ್ಯದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಕಿವಿಗೆ ಹೋಯಿತು. ಹೆಂಡತಿ ನೋಡಿದಳು. ನಾಚಿಕೆಯಿಂದ ಹಿಡಿಯಷ್ಟಾದೆ. ಬೈಯುತ್ತಾಳೆಂದು ಕಾದೆ.

ಅವಳು ದೊಡ್ಡ ಮುಳ್ಳಿನ, ಸದ್ದು ಮಾಡದ ಸಾದಾ ಮೀಟರ್ ಎತ್ತಿಕೊಂಡಳು. "ಇದು ಹಾಕ್ರಿ. ನಡುವ ಕೂಡಸ್ರಿ, ಇಬ್ಬರಿಗೂ ಕಾಣೂ ಹಂಗ."

"ಮೀಟರ್ ಡ್ರೈವರ್ ಮುಂದ ಇರ್ತದರಿ ವೈನಿ."

"ನಮ್ಮ ಗಾಡ್ಯಾಗ ನಡುವ ಇರ್ಲಿ."

ಕೂಡಿಸಿದ ಮೇಲೆ ಅಂಗಡಿಯವ ಚಾವಿಯನ್ನು ಅವಳ ಕೈಗೇ ಕೊಟ್ಟ. ಕೊಡು ಎನ್ನುವ ಧೈರ್ಯ ನನಗಾಗಲಿಲ್ಲ. ಗಾಡಿಯ ತನಕ ನಡೆದು ಅವಳೇ ನನ್ನ ಅಂಗೈಯಲ್ಲಿಟ್ಟಳು.

"ನೀವು ದಾರಿ ನೋಡ್ರಿ. ಮುಳ್ಳು ನಾ ನೋಡತೀನಿ, ಸೀಟಿನೂ ನಾ ಕೇಳತೀನಿ. ಒಬ್ರೇ ಗಾಡಿ ತೆಗದ್ರ ನೋಡ್ರಿ ಮತ್ತ."

ಅಂದಿನಿಂದ ಒಬ್ಬನೇ ಗಾಡಿ ತೆಗೆದಿಲ್ಲ.